ತನ್ನವರಿಗೇ ಬೆರಳೆತ್ತುವ ವಕೀಲ

ಹೆರಾಲ್ಡ್ ಮೊಂತೇರೊ ಓದಿದ್ದು ವಕೀಲಿ, ಆಡಿದ್ದು ಕ್ರಿಕೆಟ್. ಎರಡರಲ್ಲೂ ಅವನಿಗೆ ಒಂದೇ ಕೀರ್ತಿ. ತನ್ನವರ ಪರವಾಗಿ ಅವನು ಜನ್ಮದಲ್ಲಿ ಒಂದು ಮಾತಾಡಿದವನಲ್ಲ. ಒಮಾನಿನಲ್ಲಿ, ಮಸ್ಕತ್ತಿನಿಂದ ಸೂರ್‌ವರೆಗೆ, ರಜೆಯ ಶುಕ್ರವಾರ ಬ್ಯಾಟು ಹಿಡಿಯುವ ಯಾವ ಕನ್ನಡಿಗನನ್ನು ಬೇಕಾದರೂ ಕೇಳಿ. 'ವಕೀಲ್ ಸಾಬ್ ಅಂದ್ರೆ ಸತ್ಯಹರಿಶ್ಚಂದ್ರ ಮಾರಾಯ್ರೆ' ಅನ್ನುತ್ತಾರೆ. ಹರಿಶ್ಚಂದ್ರನ ಹೆಂಡತಿ ಮಗನ ಪಾಡು ಏನಾಯಿತು ಎಂದು ಹಾಗೆ ಹೇಳುವವರು ಯಾರೂ ಕೇಳುವುದಿಲ್ಲ, ಅದೇ ತಮಾಷೆ.

ಗ್ರೆಟ್ಟಾ ಕೇಳುತ್ತಿದ್ದಳು. ಅವಳೇ ಹೆಂಡತಿ, ಕೇಳದೆ ಏನು ಮಾಡಿಯಾಳು? ಮಸ್ಕತ್ತಿಗೆ ಹತ್ತಿರದ ಬರ್ಕಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನರ್ಸು ಅವಳು. ದಿನವಿಡೀ ಕಂಡವರ ಎದೆಬಡಿತ ಕೇಳಿಸಿಕೊಂಡು ಮನೆಗೆ ಬಂದರೆ, ಗಂಡನ ಎದೆಯೊಳಗೆ ಏನಿದೆಯೆಂದು ಮಾತ್ರ ಇಷ್ಟು ವರ್ಷಕ್ಕೂ ಅವಳಿಗೆ ಪತ್ತೆಯಾಗಿರಲಿಲ್ಲ. ಜಗಳಕ್ಕೆ ಕರೆದರೂ ಬರದ ಗಂಡಸು. ವಕೀಲನಂತೆ, ವಕೀಲ! ಮೀನಿನವನ ಹತ್ತಿರ ಚೌಕಾಶಿ ಮಾಡುವುದಕ್ಕೂ ಅವಳೇ ಬೇಕು.

ಅವನ ಕತೆ ಶುರುವಾದದ್ದು ಮಂಗಳೂರಿನಲ್ಲಿ. ಕುಲಶೇಖರದ ಹುಡುಗ, ಸನ್ನದು ಸಿಕ್ಕಿದ ಹೊಸತರಲ್ಲಿ ಹಂಪನಕಟ್ಟೆಯ ಹಿರಿಯ ವಕೀಲರೊಬ್ಬರ ಹತ್ತಿರ ಜೂನಿಯರ್ ಆಗಿ ಸೇರಿದ. ಆ ಚೇಂಬರಿನ ಗೋಡೆಯ ಮೇಲೆ ಗಿರಿಜಾ ಮೀಸೆಯ ಒಬ್ಬ ಬಿಳಿಯನ ಫೋಟೋ ಇತ್ತು. ಕೈಯಲ್ಲಿ ಬ್ಯಾಟು, ತಲೆಗೆ ಪಟ್ಟೆ ಪಟ್ಟೆಯ ಟೋಪಿ. ಹಿರಿಯರು ಅದನ್ನು ಯಾವುದೋ ಬಂಗಲೆಯ ಹರಾಜಿನಲ್ಲಿ ತಂದದ್ದು, ಹೆಸರು ಅವರಿಗೂ ಗೊತ್ತಿರಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಬ್ಯಾರಿಸ್ಟರಂತೆ, ಒಂದು ಕಾಸು ಮುಟ್ಟದೆ ಬರೀ ಪ್ರೀತಿಗೆ ಕ್ರಿಕೆಟ್ ಆಡುತ್ತಿದ್ದನಂತೆ. ಒಮ್ಮೆ ಅಂಪೈರಾಗಿ ನಿಂತವನು ಒಡಹುಟ್ಟಿದ ತಮ್ಮನಿಗೇ ಬೆರಳೆತ್ತಿ ಔಟ್ ಕೊಟ್ಟನಂತೆ. 'ನ್ಯಾಯ ಅಂದ್ರೆ ಅದು, ನೋಡು' ಎಂದು ಹಿರಿಯರು ಬಂದ ಕಕ್ಷಿದಾರರಿಗೆಲ್ಲ ಹೇಳುತ್ತಿದ್ದರು. ಕಕ್ಷಿದಾರರು ಹೂಂಗುಟ್ಟಿ ತಮ್ಮ ಗಡಿ ತಕರಾರಿಗೆ ಬರುತ್ತಿದ್ದರು. ಹೆರಾಲ್ಡ್ ಒಬ್ಬನೇ ಆ ಕತೆಯನ್ನು ನುಂಗಿಬಿಟ್ಟ. ಅದು ಜೀರ್ಣವಾಗದೆ ಹಾಗೇ ಹೊಟ್ಟೆಯೊಳಗೆ ಉಳಿಯಿತು.

ಅಷ್ಟರಲ್ಲಿ ಅವನ ಸೋದರಮಾವ ಅದೇ ಊರಿನ ಕೋರ್ಟಿಗೆ ನ್ಯಾಯಾಧೀಶರಾಗಿ ಬಂದರು. ಸಂಬಂಧಿಕರಾದ ನ್ಯಾಯಾಧೀಶರ ಎದುರು ವಕೀಲ ನಿಲ್ಲಬಾರದು ಎಂದು ನಿಯಮವೇ ಇದೆ, ಸರಿ. ಉಳಿದ ಕೋರ್ಟುಗಳಲ್ಲಿ ನಿಲ್ಲಬಹುದಿತ್ತಲ್ಲ? ಹೆರಾಲ್ಡ್ ಆ ಕಟ್ಟಡಕ್ಕೆ ಕಾಲಿಡುವುದನ್ನೇ ಬಿಟ್ಟ. 'ಮಾವನ ಬಲದಿಂದ ಗೆದ್ದ' ಎಂದು ಒಂದು ನಾಯಿಯೂ ಬೊಗಳಬಾರದಂತೆ. ಯಾರೂ ಅಂದಿರಲಿಲ್ಲ, ಅನ್ನುವ ಅಂದಾಜೂ ಇರಲಿಲ್ಲ. ಕೇಸಿಲ್ಲದ ವಕೀಲ ಎಷ್ಟು ದಿನ ಕುರ್ಚಿ ಬಿಸಿ ಮಾಡಿಯಾನು? ಒಮಾನಿನ ಒಂದು ಕಂಟ್ರಾಕ್ಟಿಂಗ್ ಕಂಪನಿಗೆ ಲೀಗಲ್ ಆಫೀಸರ್ ಆಗಿ ವಿಮಾನ ಹತ್ತಿದ.

ಇಲ್ಲಿ ಕೋರ್ಟಿನಲ್ಲಿ ಮಾತಾಡುವವರು ಒಮಾನಿ ವಕೀಲರು. ಹೆರಾಲ್ಡನದ್ದು ಹಿಂದಿನ ಬೆಂಚು. ಅವನು ಬರೆದುಕೊಟ್ಟದ್ದನ್ನು ಅರಬಿಗೆ ತಿರುಗಿಸಿ ಅವರು ವಾದಿಸುತ್ತಾರೆ, ಇವನು ಫೈಲು ದಾಟಿಸುತ್ತಾನೆ. ಅದರ ಬಗ್ಗೆ ಅವನು ಎಂದೂ ಗೊಣಗಲಿಲ್ಲ. ಕಂಪನಿಯ ಕ್ಲಿನಿಕ್ಕಿಗೆ ನರ್ಸು ಬೇಕೆಂದಾಗ ಗ್ರೆಟ್ಟಾ ಅರ್ಜಿ ಹಾಕಲು ಹೊರಟಳು. ಬೇಡ ಅಂದ. ಗ್ರೆಟ್ಟಾಳ ಅಣ್ಣ ಸ್ಟೋರ್ ಕೀಪರ್ ಕೆಲಸ ಕೇಳಿದ, ಇವನೇ ಹೋಗಿ ಮ್ಯಾನೇಜರಿಗೆ 'ಅವನು ನನ್ನ ಸಂಬಂಧಿ, ತಗೋಬೇಡಿ' ಎಂದು ಹೇಳಿ ಬಂದ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗ್ರೆಟ್ಟಾಳ ತಾಯಿ ಫೋನಿನಲ್ಲಿ ಅತ್ತಳು.

ಇನ್ನು ಕ್ರಿಕೆಟ್. ಬರ್ಕಾದ ತೋಟಗಳ ಹಿಂದೆ ಕಲ್ಲು ಹೆಕ್ಕಿ ಸಾಫು ಮಾಡಿದ ಒಂದು ಬಯಲಿದೆ. ನಡುವೆ ಸಿಮೆಂಟು, ಅದರ ಮೇಲೆ ಚಾಪೆ, ಸುತ್ತ ಸುಣ್ಣದ ಗೆರೆ. ಹೆರಾಲ್ಡ್ ಅಲ್ಲಿ ಶುಕ್ರವಾರ ಆಡಲು ಶುರುಮಾಡಿದಾಗ ಮಗ ಜೋಶುವಾ ಹುಟ್ಟಿರಲಿಲ್ಲ. ಈಗ ಜೋಶುವಾ ಮಸ್ಕತ್ತಿನ ವಿಮಾ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ, ಅದೇ ತಂಡಕ್ಕೆ ಬ್ಯಾಟು ಬೀಸುತ್ತಾನೆ. ಅಪ್ಪ ತಂಡ ಆರಿಸುವ ಹೊಣೆಯಲ್ಲಿದ್ದ ಎರಡು ಸೀಸನ್ ಆ ಹುಡುಗ ಹನ್ನೆರಡನೆಯವನಾಗಿ ನೀರು ಹೊತ್ತ. ಅವನಿಗಿಂತ ಚೆನ್ನಾಗಿ ಆಡುವವರು ತಂಡದಲ್ಲಿ ಇರಲಿಲ್ಲ ಎಂಬುದು ಬೇರೆ ಮಾತು.

ಆ ಡಿಸೆಂಬರಿನ ಒಂದು ಗುರುವಾರ ಗ್ರೆಟ್ಟಾ ಕ್ರಿಸ್‌ಮಸ್ಸಿಗೆ ನೆವ್ರಿ, ಅಂದರೆ ಕರ್ಜಿಕಾಯಿ, ಕರಿಯುತ್ತಿದ್ದಳು. ಜೋಶುವಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ.

"ಮಮ್ಮಿ, ಸೂರ್‌ನಲ್ಲಿ ಜಾಬ್ ಸಿಕ್ಕಿದೆ. ಭಾನುವಾರ ಹೇಳ್ಬೇಕು, ಯೆಸ್ ಆರ್ ನೋ."

"ಇಲ್ಲಿಯದಕ್ಕೆ ಎಂತ ಆಗಿದೆ?"

"ಇಲ್ಲಿಯದಕ್ಕೆ ಏನೂ ಆಗ್ಲಿಲ್ಲ." ಅವನು ಬಿಸಿ ನೆವ್ರಿಯೊಂದನ್ನು ಕೈಯಿಂದ ಕೈಗೆ ಹಾಕುತ್ತ ನಿಂತ. ಅವರ ಮನೆಮಾತು ಕೊಂಕಣಿ, ಮಗನದ್ದು ಅರ್ಧ ಇಂಗ್ಲಿಷು. ಅಂದು ಅವನು ಹೇಳಿದ ಮಾತು ಮಾತ್ರ ಅಪ್ಪಟ ಕೊಂಕಣಿಯಲ್ಲಿ ಬಂತು. "ಬೇರೆ ಯಾರ ಮಗ ಆಗಿದ್ರೂ ಡ್ಯಾಡಿಗೆ ನನ್ನ ಮೇಲೆ ಇಷ್ಟ ಇರ್ತಿತ್ತು. ಅವರ ಮಗ ಆದದ್ದೇ ತಪ್ಪಾಯ್ತು. ನಾಳೆಯದ್ದೇ ಕೊನೆಯ ಆಟ. ಮತ್ತೆ ಅವರಿರುವ ಕಡೆ ನಾನು ಇರೋದಿಲ್ಲ."

ಗ್ರೆಟ್ಟಾ ಒಲೆ ಆರಿಸಿದಳು. ಮಗ ಸೂರ್‌ಗೆ ಹೋದರೆ ಹೋಗಲಿ, ಎಳೆ ಮಗುವೇ? ಅಪ್ಪನಿಂದ ತಪ್ಪಿಸಿಕೊಂಡು ಹೋಗುವುದೆಂದರೆ ಮಾತ್ರ ಅವಳಿಗೆ ಸಹಿಸಲಿಕ್ಕೆ ಆಗಲಿಲ್ಲ. ಹುಡುಗ ಹೇಳಿದ್ದು ನಿಜವೋ, ಹರೆಯದ ಸಿಟ್ಟೋ? ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಆ ಬಯಲಿನ ಕಡೆ ಮುಖ ಹಾಕಿರಲಿಲ್ಲ. ಈ ಸಲ ಹೋಗಿ ಕಣ್ಣಾರೆ ನೋಡಿಬಿಡುವುದು ಎಂದು ನಿರ್ಧರಿಸಿದಳು.

ಶುಕ್ರವಾರ ಬೆಳಿಗ್ಗೆ ನೆವ್ರಿಯ ಡಬ್ಬ ಮಡಿಲಲ್ಲಿಟ್ಟುಕೊಂಡು ಅವಳು ಕಾರು ಹತ್ತಿದಾಗ ಅಪ್ಪ ಮಗ ಇಬ್ಬರಿಗೂ ಆಶ್ಚರ್ಯ. 'ಆಟ ಮುಗಿಸಿ ಘಾಲಾದ ಇಗರ್ಜಿಯಲ್ಲಿ ಪೂಜೆಗೆ ಹೋಗಲಿಕ್ಕೆ ಉಂಟಲ್ಲ, ಜೊತೆಗೇ ಬರ್ತೇನೆ' ಅಂದಳು. ದಾರಿಯಲ್ಲಿ ಅವಳಿಗೆ ಏನು ಹೊಳೆಯಿತೋ, ಕೇಳಿದಳು.

"ಅಲ್ಲ, ಆ ಫೋಟೋದ ಮೀಸೆಯವ ತಮ್ಮನಿಗೆ ಔಟ್ ಕೊಟ್ಟದ್ದಲ್ವಾ. ಆ ತಮ್ಮ ನಿಜವಾಗಿ ಔಟಾಗಿದ್ನಾ?"

ಹೆರಾಲ್ಡ್ ಯೋಚಿಸಿದ. "ಅದು ಕತೆಯಲ್ಲಿ ಇಲ್ಲ."

"ನೀವು ಕೇಳ್ಲಿಲ್ವಾ?"

"ಇಲ್ಲ."

"ಎಂತ ವಕೀಲರಪ್ಪಾ" ಎಂದು ಗ್ರೆಟ್ಟಾ ಕಿಟಕಿಯ ಕಡೆ ತಿರುಗಿದಳು. ಹಿಂದಿನ ಸೀಟಿನಲ್ಲಿ ಜೋಶುವಾ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದ.

ಬಯಲಿನ ಅಂಚಿನಲ್ಲಿ ಒಂದು ಮುಳ್ಳುಮರ, ಅದರಡಿ ಪ್ಲಾಸ್ಟಿಕ್ ಕುರ್ಚಿಗಳು. ಅಲ್ಲಿ ರನ್ನು ಬರೆಯುತ್ತ ಕೂತವರು ಹಾಜಬ್ಬ. ಉಳ್ಳಾಲದವರು, ಬರ್ಕಾದ ಮಾರುಕಟ್ಟೆಯಲ್ಲಿ ಅವರದ್ದೊಂದು ಕೆಫೆಟೀರಿಯಾ. ಆಟ ಬಿಟ್ಟು ಹತ್ತಾರು ವರ್ಷವಾದರೂ ಶುಕ್ರವಾರ ಇಲ್ಲಿಗೆ ಬಾರದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

"ಬನ್ನಿ ಬಾಯಮ್ಮ, ಕೂತ್ಕೊಳ್ಳಿ. ವಕೀಲ್ ಸಾಬರ ಮನೆಯವರು ಬಂದದ್ದು ನಮ್ಮ ಪುಣ್ಯ" ಎಂದು ಅವರು ಫ್ಲಾಸ್ಕಿನಿಂದ ಕರಕ್ ಚಾ ಬಗ್ಗಿಸಿ ಕೊಟ್ಟರು. ಗ್ರೆಟ್ಟಾ ನೆವ್ರಿಯ ಡಬ್ಬ ತೆರೆದಳು. ಒಂದು ತಿಂದ ಮೇಲೆ ಅವರು ಅವಳಿಗೆ ಕ್ರಿಕೆಟ್ ಕಲಿಸಲು ಒಪ್ಪಿದರು.

ಎದುರಾಳಿಗಳು ಸೂರ್‌ನ ಗ್ಯಾಸ್ ಪ್ಲಾಂಟಿನ ಹುಡುಗರು. ಅವರ ನಾಯಕ ಮೈಸೂರಿನ ಕಿಶೋರ್, ವೇಗದ ಬೌಲರ್, ತಲೆಯಲ್ಲಿ ಜುಟ್ಟು. ನಮ್ಮವರ ಬ್ಯಾಟಿಂಗ್ ಮೊದಲು. ಜೋಶುವಾ ಒಳಗೆ ಹೋದವನು ಲೀಲಾಜಾಲವಾಗಿ ಹೊಡೆಯತೊಡಗಿದ. ಚೆಂಡು ಸುಣ್ಣದ ಗೆರೆ ದಾಟಿದಾಗಲೆಲ್ಲ ಹಾಜಬ್ಬ 'ಮಾಷಾ ಅಲ್ಲಾ' ಅನ್ನುತ್ತಿದ್ದರು. ಅಷ್ಟರಲ್ಲಿ ಗ್ರೆಟ್ಟಾ ಒಂದು ವಿಚಿತ್ರ ಕಂಡಳು. ಔಟಾಗಿ ಬಂದ ನಮ್ಮ ಹುಡುಗನೊಬ್ಬ ಬ್ಯಾಟಿಟ್ಟು ಬಿಳಿ ಕೋಟು ಹಾಕಿಕೊಂಡು ವಾಪಸು ಬಯಲಿಗೇ ನಡೆದ.

"ಅವ ಎಲ್ಲಿಗೆ ಪುನಃ?"

"ಅಂಪೈರ್ ನಿಲ್ಲಲಿಕ್ಕೆ. ಇಲ್ಲಿ ಬ್ಯಾಟಿಂಗ್ ಮಾಡುವ ಟೀಮಿನವರೇ ಅಂಪೈರು."

"ನಮ್ಮವರು ಔಟಾ ಅಲ್ವಾ ಅಂತ ಹೇಳೋದು ನಮ್ಮವರೇ? ಇದು ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯ್ತಲ್ಲ."

ಹಾಜಬ್ಬ ನಕ್ಕರು. "ಹೌದು. ಹಾಗಾಗಿ ಎಲ್ಲರೂ ಒಂದೆರಡು ಸಣ್ಣ ಮೋಸ ಮಾಡ್ತಾರೆ, ಅವರೂ ಮಾಡ್ತಾರೆ, ನಾವೂ ಮಾಡ್ತೇವೆ, ಲೆಕ್ಕ ಸಮ ಆಗ್ತದೆ. ನಿಮ್ಮ ಯಜಮಾನ್ರು ಒಬ್ಬರು ಬಿಟ್ಟು. ಅವರು ಕೋಟು ಹಾಕಿದ್ರೆ ನಮ್ಮ ಹುಡುಗರಿಗೆ ಜ್ವರ ಬರ್ತದೆ. ಅದಕ್ಕೇ ನಾವು ಅವರನ್ನು ಆದಷ್ಟು ನಿಲ್ಲಿಸುವುದಿಲ್ಲ."

ಆದರೆ ಅಂದು ವಿಕೆಟ್ ಪಟಪಟನೆ ಬಿದ್ದವು. ನಮ್ಮ ತಂಡಕ್ಕಿದ್ದ ಪ್ಯಾಡಿನ ಜೋಡಿಗಳೂ ಕಡಿಮೆ. ಔಟಾದವನು ಬಿಚ್ಚಿಕೊಟ್ಟ ಮೇಲೆ ಮುಂದಿನವನು ಕಟ್ಟಿಕೊಳ್ಳಬೇಕು. ಈ ಬಿಚ್ಚಿ ಕಟ್ಟುವ ಗಡಿಬಿಡಿಯಲ್ಲಿ ಬಿಳಿ ಕೋಟು ಖಾಲಿ ಬಿತ್ತು. ನಾಯಕ ಅಫ್ರಾಜ್ ಸುತ್ತ ನೋಡಿದ, ಹೆರಾಲ್ಡ್ ಬಿಟ್ಟು ಯಾರೂ ಸಿಗಲಿಲ್ಲ.

"ವಕೀಲ್ ಸಾಬ್, ಸ್ವಲ್ಪ ನೋಡ್ಕೊಳ್ಳಿ ಆಯ್ತಾ" ಅಂದ, ಬೇಡಿಕೊಳ್ಳುವ ದನಿಯಲ್ಲಿ.

ಹೆರಾಲ್ಡ್ ಕೋಟಿನ ಗುಂಡಿ ಹಾಕಿಕೊಂಡು ನಡೆದ. ಮಗನ ಎದುರು, ಬೌಲರಿನ ತುದಿಯಲ್ಲಿ ನಿಂತ. ಜೋಶುವಾ ಅಪ್ಪನನ್ನು ನೋಡಿ ಒಮ್ಮೆ ಆಕಾಶ ನೋಡಿದ. ಗ್ರೆಟ್ಟಾ ಕುರ್ಚಿಯ ತುದಿಗೆ ಸರಿದು ಕೂತಳು.

ಕಿಶೋರ್ ಓಡಿ ಬಂದು ಎಸೆದ. ಜೋಶುವಾ ಮುಂದೆ ಬಗ್ಗಿ ತಡೆದ. ಟಕ್, ದಪ್. ಚೆಂಡು ಅವನ ಕಾಲಿನ ಹತ್ತಿರ ಬಿತ್ತು. ಸೂರ್‌ನವರೆಲ್ಲ ಕೈ ಎತ್ತಿ ಒಟ್ಟಿಗೆ ಕೂಗಿದರು. ಹೆರಾಲ್ಡನ ಬೆರಳು ಮೇಲೆ ಹೋಯಿತು.

ಜೋಶುವಾ ಬ್ಯಾಟಿನ ಅಂಚು ನೋಡಿದ. ಅಪ್ಪನನ್ನು ನೋಡಿದ. ಬ್ಯಾಟು ಕಂಕುಳಿಗೆ ಸಿಕ್ಕಿಸಿ ನಡೆದುಬಂದ.

"ಛೆ" ಅಂದರು ಹಾಜಬ್ಬ. "ಬ್ಯಾಟಿಗೆ ಬಡಿದು ಮತ್ತೆ ಪ್ಯಾಡಿಗೆ ಹೋದದ್ದು. ಮೊದಲು ಬ್ಯಾಟಿಗೆ ತಾಗಿದ್ರೆ ಔಟಿಲ್ಲ ಬಾಯಮ್ಮ. ಇಲ್ಲಿ ಕೂತ ನನಗೇ ಕೇಳಿತು."

"ನನಗೂ ಕೇಳಿತು. ಎರಡು ಸದ್ದು" ಅಂದಳು ಗ್ರೆಟ್ಟಾ. "ಈಗ ಎಂತದೂ ಮಾಡ್ಲಿಕ್ಕೆ ಆಗೋದಿಲ್ವಾ?"

"ಮುಂದಿನ ಬಾಲ್ ಬೀಳುವ ತನಕ ಅಂಪೈರ್ ಮನಸ್ಸು ಮಾಡಿದ್ರೆ ವಾಪಸು ಕರೀಬಹುದು, ನಮ್ಮ ಲೀಗಿನಲ್ಲಿ ಅದು ಉಂಟು. ಆದ್ರೆ ಇವರು ಕರೀತಾರಾ? ಅದೂ ಮಗನನ್ನು?"

ಜೋಶುವಾ ಮರದ ಬುಡದಲ್ಲಿ ಕೂತು ಪ್ಯಾಡಿನ ಪಟ್ಟಿ ಬಿಚ್ಚುತ್ತಿದ್ದ. ಮುಂದಿನ ಹುಡುಗ ಕಾಲು ಚಾಚಿ ಕಾಯುತ್ತಿದ್ದ. "ಈಗ ಗೊತ್ತಾಯ್ತಲ್ಲ ಮಮ್ಮಿ" ಅಂದ ಜೋಶುವಾ, ತಲೆ ಎತ್ತದೆ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ಗ್ರೆಟ್ಟಾ ಸುಮ್ಮನೆ ಕೂರುತ್ತಿದ್ದಳೇನೋ.

ಅವಳು ನೀರಿನ ಬಾಟಲಿ ಎತ್ತಿಕೊಂಡು ಸುಣ್ಣದ ಗೆರೆ ದಾಟಿದಳು. ಆ ಬಯಲಿಗೆ ಆಟದ ನಡುವೆ ಒಬ್ಬ ಹೆಂಗಸು ಹೋದದ್ದು ಅದೇ ಮೊದಲು. ಜಲ್ಲಿಯ ಮೇಲೆ ಪೂಜೆಗೆಂದು ಹಾಕಿಕೊಂಡ ಚಪ್ಪಲಿ ಜಾರುತ್ತಿತ್ತು. ಹುಡುಗರೆಲ್ಲ ಬಾಯಿ ಬಿಟ್ಟು ನೋಡುತ್ತ ನಿಂತರು.

"ಇದೆಂತ ಇಲ್ಲಿಗೆ?" ಅಂದ ಹೆರಾಲ್ಡ್, ಮೆಲ್ಲಗೆ.

"ನೀರು ಕುಡೀರಿ. ಜೋಶುವಾ ಔಟಾ?"

"ಕೊಟ್ಟಾಯ್ತಲ್ಲ."

"ಕೊಟ್ಟದ್ದು ನೋಡಿದೆ. ಔಟಾ ಅಂತ ಕೇಳಿದ್ದು."

ಹೆರಾಲ್ಡ್ ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತ.

"ಒಂದೇ ವಿಷಯ ಹೇಳಿ, ನಾನು ಹೋಗ್ತೇನೆ" ಅಂದಳು ಗ್ರೆಟ್ಟಾ. "ಬ್ಯಾಟು ಹಿಡಿದವ ಆ ಕಿಶೋರ್ ಆಗಿದ್ರೆ ಬೆರಳು ಎತ್ತುತ್ತಿದ್ರಾ?"

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅವನ ಮುಖ ಹಾಗೆ ಬಿಳಿಚಿಕೊಂಡದ್ದು ನೋಡಿರಲಿಲ್ಲ. ಅವನು, "ಇಲ್ಲ" ಅಂದ. ಆಮೇಲೆ, "ಈಗ ಕರೆದ್ರೆ ಎಂತ ಹೇಳ್ತಾರೆ ಗೊತ್ತುಂಟಾ? ಅಮ್ಮ ಬಂದು ಹೇಳಿದ್ಲು, ಅಪ್ಪ ಮಗನನ್ನು ವಾಪಸು ಕರೆದ ಅಂತ. ನೀನು ಬಾರದಿದ್ರೆ ಆದ್ರೂ..."

ಅದು ನಿಜವೇ. ಒಳ್ಳೆಯದು ಮಾಡಲು ಹೋಗಿ ತಾನೇ ದಾರಿಗೆ ಮುಳ್ಳು ಹಾಕಿದೆನಲ್ಲ ಎಂದು ಗ್ರೆಟ್ಟಾಳಿಗೆ ಅಳು ಬಂತು. ಆದರೂ ಜಗ್ಗಲಿಲ್ಲ.

"ಹೇಳ್ಲಿ. ಅವನಿಗೆ ಸೂರ್‌ನಲ್ಲಿ ಕೆಲಸ ಸಿಕ್ಕಿದೆ, ಭಾನುವಾರ ಹೂಂ ಅಂತಾನೆ. ಕೆಲಸಕ್ಕೆ ಅಂತ ತಿಳ್ಕೊಂಡ್ರಾ? ನಿಮ್ಮ ಮುಖ ನೋಡ್ಲಿಕ್ಕೆ ಆಗದೆ ಹೋಗೋದು. ಅವನ ಹತ್ತಿರ ನೀವೇ ಕೇಳಿ."

ಇಷ್ಟು ಹೇಳಿ ಅವಳು ತಿರುಗಿ ನಡೆದಳು. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಒಂದು ದೊಡ್ಡ ಗಂಟಲು ಕೇಳಿಸಿತು. ಯಾರಪ್ಪಾ ಎಂದು ತಿರುಗಿದಳು. ಅದು ಹೆರಾಲ್ಡನ ಗಂಟಲು.

"ಕಿಶೋರ್, ಅಫ್ರಾಜ್, ಎಲ್ಲರೂ ಸ್ವಲ್ಪ ಹತ್ತಿರ ಬನ್ನಿ."

ಬಂದರು. ಪ್ಯಾಡು ಕಟ್ಟುತ್ತಿದ್ದ ಹುಡುಗನೂ ಒಂದು ಕಾಲಿಗೆ ಕಟ್ಟಿಕೊಂಡು ಕುಂಟುತ್ತ ಬಂದ.

"ಆ ಬಾಲ್ ಮೊದಲು ಬ್ಯಾಟಿಗೆ ತಾಗಿದೆ. ನನಗೆ ಕೇಳಿಸಿತ್ತು. ಕೇಳಿಸಿಯೂ ಬೆರಳು ಎತ್ತಿದೆ" ಅಂದ ಹೆರಾಲ್ಡ್. "ಯಾಕೆ ಎತ್ತಿದೆ? ಬ್ಯಾಟ್ಸ್‌ಮನ್ ನನ್ನ ಮಗ ಅಂತ. ಬೇರೆ ಕಾರಣ ಇಲ್ಲ. ಮಗ ಅಂತ ಬಿಡೋದು ಎಷ್ಟು ಮೋಸವೋ ಮಗ ಅಂತ ಔಟ್ ಕೊಡೋದೂ ಅಷ್ಟೇ ಮೋಸ. ನಾನು ಇದನ್ನು ಇವತ್ತು ಒಂದು ದಿನ ಮಾಡಿದ್ದಲ್ಲ. ಆದ್ರೆ ಇವತ್ತಿನದನ್ನು ಸರಿ ಮಾಡ್ಲಿಕ್ಕೆ ಇನ್ನೂ ಸಮಯ ಉಂಟು."

ಗಾಳಿಗೆ ಚಾಪೆಯ ಅಂಚು ಪಟಪಟ ಅನ್ನುತ್ತಿತ್ತು. ಸೂರ್‌ನವರಲ್ಲಿ ಒಬ್ಬ, "ಫ್ಯಾಮಿಲಿ ಮ್ಯಾಟರ್ ಆಗೋಯ್ತಲ್ಲ ಗುರು" ಎಂದು ಗೊಣಗಿದ. ಕಿಶೋರ್ ಅವನ ಹೆಗಲು ತಟ್ಟಿ ಸುಮ್ಮನಾಗಿಸಿದ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬ ಜಾತಿಯ ಜಾಣ ಅವನು.

"ಸರ್, ಒಂದು ಕೆಲ್ಸ ಮಾಡೋಣ. ನಾವೇ ಅಪೀಲು ವಾಪಸ್ ತಗೋತೀವಿ. ನಿಮ್ ಮಾತೂ ಉಳಿಯುತ್ತೆ, ಅವ್ನೂ ಆಡ್ತಾನೆ."

ಮೂವತ್ತು ವರ್ಷದ ಹೆಸರು ಉಳಿಸಿಕೊಳ್ಳಲು ಅದಕ್ಕಿಂತ ಸಲೀಸು ದಾರಿ ಯಾವುದಿತ್ತು? ಹೂಂ ಅಂದರೆ ಮುಗಿಯಿತು. ಗ್ರೆಟ್ಟಾಳೇ ಮನಸ್ಸಿನಲ್ಲಿ ಹೂಂ ಅನ್ನಿ, ಹೂಂ ಅನ್ನಿ ಎಂದು ಜಪ ಮಾಡುತ್ತಿದ್ದಳು.

"ಬೇಡ ಕಿಶೋರ್" ಅಂದ ಹೆರಾಲ್ಡ್. "ನೀವು ಪ್ರಾಮಾಣಿಕವಾಗಿ ಕೇಳಿದ್ದೀರಿ, ನಿಮ್ಮದು ತಪ್ಪಿಲ್ಲ. ತಪ್ಪು ನನ್ನದು, ನನ್ನ ಹೆಸರಿನಲ್ಲೇ ತಿದ್ದಬೇಕು. ಮೊಂತೇರೊ ಮಗನನ್ನು ವಾಪಸು ಕರೆದ ಅಂತ ಯಾರಾದ್ರೂ ಹೇಳಿದ್ರೆ, ಹೌದು ಕರೆದೆ ಅಂತ ನಾನೇ ಹೇಳ್ತೇನೆ."

ಆಮೇಲೆ ಮರದ ಕಡೆ ತಿರುಗಿ ಕೈ ಬೀಸಿದ. "ಜೋಶುವಾ, ಬಾ. ನಾಟ್ ಔಟ್."

ಜೋಶುವಾ ಎದ್ದು ನಿಂತವನು ಅಲ್ಲೇ ನಿಂತ. ಹಾಜಬ್ಬ, "ಯಲ್ಲಾ, ಹೋಗೋ ಮಾರಾಯ" ಎಂದು ಬೆನ್ನಿಗೆ ಗುದ್ದಿದರು. ಪ್ಯಾಡು ಮತ್ತೆ ಕಾಲಿನಿಂದ ಕಾಲಿಗೆ ಬಂತು. ಅವಸರದಲ್ಲಿ ಪಟ್ಟಿ ಸಿಕ್ಕಿಕೊಳ್ಳಲಿಲ್ಲ, ಗ್ರೆಟ್ಟಾಳೇ ಮೊಣಕಾಲೂರಿ ಬಿಗಿದಳು.

ಇಷ್ಟೆಲ್ಲ ಆದ ಮೇಲೆ ಹುಡುಗ ಶತಕ ಬಾರಿಸಿದನೇ? ಎಲ್ಲಿಂದ! ಕಿಶೋರನ ಮುಂದಿನ ಚೆಂಡಿಗೇ ಮಧ್ಯದ ಸ್ಟಂಪು ಮಗುಚಿ ಬಿತ್ತು. ತಲೆಯಲ್ಲಿ ಏನೇನೋ ತುಂಬಿಕೊಂಡು ಬ್ಯಾಟು ಹಿಡಿದರೆ ಮತ್ತೇನಾಗುತ್ತದೆ? ಸೂರ್‌ನವರು ಕುಣಿದರು, ಅಫ್ರಾಜ್ ತಲೆ ಮೇಲೆ ಕೈ ಹೊತ್ತ, ಪಂದ್ಯವನ್ನೂ ನಮ್ಮವರು ಸೋತರು. ಜೋಶುವಾ ಮಾತ್ರ ಬಿದ್ದ ಸ್ಟಂಪನ್ನು ನೋಡಿ, ಅಪ್ಪನನ್ನು ನೋಡಿ, ಜೋರಾಗಿ ನಕ್ಕುಬಿಟ್ಟ. ಹೆರಾಲ್ಡನಿಗೆ ನಗಬೇಕೋ ಬಾರದೋ ತಿಳಿಯಲಿಲ್ಲ. ಅಂಪೈರು ನಗಬಹುದೇ ಎಂಬ ಬಗ್ಗೆ ನಿಯಮವೇನೂ ಇದ್ದಂತಿಲ್ಲ.

ಘಾಲಾದ ಪೂಜೆಗೆ ಹೊರಟಾಗ ಜೋಶುವಾ ಮುಂದಿನ ಸೀಟಿಗೆ ಹತ್ತಿದ. ಗ್ರೆಟ್ಟಾ ಹಿಂದೆ ಕೂತಳು. ಕಾರು ಬರ್ಕಾದ ವೃತ್ತ ದಾಟಿತು.

"ಡ್ಯಾಡಿ, ಸೂರ್‌ನ ಜಾಬ್ ನಾನು ತಗೊಳ್ತೇನೆ."

ಗ್ರೆಟ್ಟಾ ಕಣ್ಣು ಮುಚ್ಚಿದಳು. ಮುಗಿಯಿತು, ಖಲಾಸ್. ಗಂಡ ಅಷ್ಟು ಜನರ ಎದುರು ಹೆಸರು ಕಳೆದುಕೊಂಡದ್ದೂ ದಂಡವಾಯಿತು ಅಂದುಕೊಂಡಳು.

"ಒಳ್ಳೆಯ ಜಾಬಾ?" ಎಂದು ಕೇಳಿದ ಹೆರಾಲ್ಡ್.

"ಒಳ್ಳೇದು. ಅದಕ್ಕೇ ಹೋಗೋದು. ನಿನ್ನೆ ಬೇರೆ ಕಾರಣ ಇತ್ತು, ಇವತ್ತು ಅದಕ್ಕೇ." ಜೋಶುವಾ ಅಪ್ಪನ ಕಡೆ ತಿರುಗಿದ. "ಫ್ರೈಡೇ ಮ್ಯಾಚಿಗೆ ಬೆಳಿಗ್ಗೆ ಬೇಗ ಹೊರಟು ಬರ್ತೇನೆ. ದೂರ ಉಂಟು, ಆದ್ರೂ ಬರ್ತೇನೆ. ಆದ್ರೆ ಒಂದು ಕಂಡೀಷನ್."

"ಎಂತ?"

"ನಾನು ಬ್ಯಾಟ್ ಮಾಡುವಾಗ ಬೇರೆ ಯಾರೂ ಕೋಟು ಹಾಕ್ಬಾರ್ದು. ನೀವೇ ನಿಲ್ಬೇಕು."

ಹೆರಾಲ್ಡ್ ಕಾರನ್ನು ಹೆದ್ದಾರಿಯ ಬದಿಗೆ ತಂದು ನಿಲ್ಲಿಸಿದ. ಸ್ಟೀರಿಂಗಿಗೆ ಹಣೆ ಒತ್ತಿ, ಹೆಂಡತಿ ಮಗನ ಎದುರೇ, ಬಿಕ್ಕಿ ಬಿಕ್ಕಿ ಅತ್ತ.